ಬಾನೆಟ್ಟಿನಡಿಯ ಸಾಕ್ಷ್ಯ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಶೆಡ್ಡುಗಳಲ್ಲಿ ದೂಳು ಹೊದ್ದು ನಿಂತ ಹಳೆಯ ಅಂಬಾಸಿಡರ್‌ಗಳ ಒಡಲಲ್ಲಿರುವ ಎಂಜಿನ್ ಯಾವುದೆಂಬುದು ಹವ್ಯಾಸಿಗಳ ಕುತೂಹಲವಷ್ಟೇ ಅಲ್ಲ. 50 ವರ್ಷ ದಾಟಿ, ಮೂಲ ಸ್ವರೂಪ ಉಳಿಸಿಕೊಂಡ ವಾಹನಕ್ಕೆ ಮಾತ್ರ ‘ವಿಂಟೇಜ್’ ಮಾನ್ಯತೆ ಎನ್ನುತ್ತದೆ ಕೇಂದ್ರದ 2021ರ ನಿಯಮ. ಆದರೆ ಇಂಧನದ ಖರ್ಚಿಗಂಜಿ ಪೆಟ್ರೋಲ್ ಎಂಜಿನ್ ಕಳಚಿ ಡೀಸೆಲ್ ಕೂರಿಸಿದವರು ಕಡಿಮೆಯೇನಲ್ಲ. ನೋಂದಣಿ ಪುಸ್ತಕದ ಸಿಸಿ ನಂಬುವಂತಿಲ್ಲ. ಬಿಎಂಸಿ ವಿನ್ಯಾಸದ ಪೆಟ್ರೋಲ್, ಡೀಸೆಲ್ ಎರಡೂ 1489 ಸಿಸಿಯವೇ. ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್ ಇದ್ದರೆ ಪೆಟ್ರೋಲ್. ಇಂಜೆಕ್ಷನ್ ಪಂಪ್ ಕಂಡರೆ ಡೀಸೆಲ್. ಡೀಸೆಲ್ ಅಂಬಾಸಿಡರ್ ಬಂದದ್ದೇ 1980ರ ಸುಮಾರಿಗೆ. ಉಳಿದದ್ದನ್ನು ಬ್ಲಾಕಿನ ಮೇಲಿನ ಸಂಖ್ಯೆ ಹೇಳಬೇಕು. ಅದನ್ನು ಓದಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ನೆರವಿನಿಂದ ತಾಲ್ಲೂಕು ಕೇಂದ್ರಗಳಲ್ಲಿ ತಪಾಸಣಾ ಶಿಬಿರ ನಡೆಸಲು ಸಾರಿಗೆ ಇಲಾಖೆ ತಡಮಾಡಬಾರದು.