ಹಣ ಕೊಟ್ಟವರು ಅಪ್ಪ-ಅಮ್ಮ, ನೋಡಿದವರು ಮಕ್ಕಳು: ಬ್ರಿಟನ್‌ನ ಡಿಸ್ನಿ ಚಾನೆಲ್ 25 ವರ್ಷಕ್ಕೇ ಮುಚ್ಚಿದ್ದೇಕೆ?

2020ರ ಸೆಪ್ಟೆಂಬರ್ 30ರ ರಾತ್ರಿ ಬ್ರಿಟನ್‌ನಲ್ಲಿ ಡಿಸ್ನಿ ಚಾನೆಲ್, ಡಿಸ್ನಿ ಎಕ್ಸ್‌ಡಿ ಮತ್ತು ಡಿಸ್ನಿ ಜೂನಿಯರ್ ಎಂಬ ಮೂರು ಚಾನೆಲ್‌ಗಳು ಒಟ್ಟಿಗೇ ಬಂದ್ ಆದವು. ಡಿಸ್ನಿ ಚಾನೆಲ್ ಅಲ್ಲಿ ಶುರುವಾಗಿದ್ದು 1995ರ ಅಕ್ಟೋಬರ್ 1ರಂದು. ಸರಿಯಾಗಿ 25 ವರ್ಷ ತುಂಬುವ ಹೊತ್ತಿಗೆ ಪರದೆ ಎಳೆಯಲಾಯಿತು. ಕಂಪನಿ ನಷ್ಟದಲ್ಲಿ ಮುಳುಗಿ ಮುಚ್ಚಿದ ಚಾನೆಲ್ ಇದಲ್ಲ. ಲೈಸೆನ್ಸ್ ರದ್ದಾಗಿಯೂ ಇಲ್ಲ. ಅದೇ ಕಾರ್ಯಕ್ರಮಗಳನ್ನು ಡಿಸ್ನಿ ಪ್ಲಸ್ ಆ್ಯಪ್‌ನಲ್ಲಿ ನೋಡಿ ಎಂದು ಕಂಪನಿ ಹೇಳಿತು, ಅಷ್ಟೇ.

ಮಕ್ಕಳ ಚಾನೆಲ್ ಒಂದು ಬಂದ್ ಆಗುವುದು ದೊಡ್ಡ ಸುದ್ದಿಯೇ ಎಂದು ಕೇಳಬಹುದು. ಆದರೆ ಬ್ರಿಟನ್‌ನಲ್ಲಿ ಮಕ್ಕಳ ಟಿವಿ ಯಾರ ಹೊಣೆ ಎಂಬ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ಆ ಪ್ರಶ್ನೆ ಎಲ್ಲಿ ಗೋಜಲಾಯಿತು ಎಂದು ತಿಳಿಯಲು ಈ ಚಾನೆಲ್‌ನ ಕತೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ಬಂದದ್ದು ಡಿಸ್ನಿ ಅಲ್ಲ

ಬ್ರಿಟನ್‌ನಲ್ಲಿ ಮಕ್ಕಳಿಗೆಂದೇ ಪೇ ಚಾನೆಲ್ ಬಂದದ್ದು 1984ರ ಸೆಪ್ಟೆಂಬರ್ 1ರಂದು. ಹೆಸರೂ ಸರಳ, ದಿ ಚಿಲ್ಡ್ರನ್ಸ್ ಚಾನೆಲ್. ಬ್ರಿಟಿಷ್ ಟೆಲಿಕಾಂ, ಥೋರ್ನ್ ಇಎಂಐ, ಥೇಮ್ಸ್ ಟೆಲಿವಿಷನ್ ಮತ್ತು 'ಬೀನೋ' ಕಾಮಿಕ್ಸ್‌ನ ಪ್ರಕಾಶಕ ಡಿ.ಸಿ. ಥಾಮ್ಸನ್ ಸೇರಿ ಇದನ್ನು ಆರಂಭಿಸಿದ್ದರು. ಆಗ ಕೇಬಲ್ ಸಂಪರ್ಕ ಇದ್ದ ಮನೆಗಳೇ ಕಡಿಮೆ. ಹೀಗಾಗಿ ಈ ಚಾನೆಲ್ ಬಹುಕಾಲ ಬೆರಳೆಣಿಕೆಯ ಮನೆಗಳ ಮಕ್ಕಳಿಗೆ ಮಾತ್ರ ಗೊತ್ತಿತ್ತು.

ಉಪಗ್ರಹ ಟಿವಿ ಬಂದ ಮೇಲೆ ಆಟವೇ ಬದಲಾಯಿತು. 1993ರ ಸೆಪ್ಟೆಂಬರ್ ತಿಂಗಳೊಂದರಲ್ಲೇ ನಿಕೆಲೋಡಿಯನ್ ಮತ್ತು ಕಾರ್ಟೂನ್ ನೆಟ್‌ವರ್ಕ್ ಎರಡೂ ಬ್ರಿಟನ್‌ಗೆ ಕಾಲಿಟ್ಟವು. 1995ರಲ್ಲಿ ಡಿಸ್ನಿ, 1996ರಲ್ಲಿ ಫಾಕ್ಸ್ ಕಿಡ್ಸ್. ಎಲ್ಲವೂ ಅಮೆರಿಕದಲ್ಲಿ ಆಗಲೇ ತಯಾರಾಗಿ, ದುಡ್ಡು ದುಡಿದು ಮುಗಿದಿದ್ದ ಕಾರ್ಯಕ್ರಮಗಳ ದೊಡ್ಡ ಗೋದಾಮು ಇಟ್ಟುಕೊಂಡೇ ಬಂದವು. ಅಂಥ ಗೋದಾಮು ಇಲ್ಲದ ದಿ ಚಿಲ್ಡ್ರನ್ಸ್ ಚಾನೆಲ್ 1998ರ ಏಪ್ರಿಲ್‌ನಲ್ಲಿ ಮುಚ್ಚಿತು. ಅದರ ಹದಿಹರೆಯದವರ ವಿಭಾಗ ಮಾತ್ರ ಹಿಂದಿನ ವರ್ಷವೇ 'ಟ್ರಬಲ್' ಎಂಬ ಬೇರೆ ಚಾನೆಲ್ ಆಗಿ ಉಳಿದುಕೊಂಡಿತ್ತು.

ಮದುವೆಗೆ ಮುಂಚೆಯೇ ಕೋರ್ಟ್ ಮೆಟ್ಟಿಲು

ಡಿಸ್ನಿ ವಾಸ್ತವವಾಗಿ ಆರು ವರ್ಷ ಮೊದಲೇ ಬರಬೇಕಿತ್ತು. 1988ರ ಕೊನೆಯಲ್ಲಿ ರೂಪರ್ಟ್ ಮರ್ಡೋಕ್ ಅವರ ಸಂಸ್ಥೆ ಮತ್ತು ಡಿಸ್ನಿ ಜಂಟಿ ಉದ್ಯಮ ಘೋಷಿಸಿದ್ದವು. ಹೊಸದಾಗಿ ಬರಲಿದ್ದ ಸ್ಕೈ ಟೆಲಿವಿಷನ್‌ನಲ್ಲಿ ಡಿಸ್ನಿ ಚಾನೆಲ್ ಕೂಡ ಇರಲಿದೆ ಎಂಬ ಮಾತು ಡಿಶ್ ಮಾರಾಟಕ್ಕೆ ಬಹಳ ಬೇಕಾಗಿತ್ತು. 1989ರ ಫೆಬ್ರವರಿಯಲ್ಲಿ ಸ್ಕೈ ಪ್ರಸಾರ ಶುರುವಾಯಿತು. ಆದರೆ ಕೆಲವೇ ತಿಂಗಳಲ್ಲಿ ಡಿಸ್ನಿ ಹಿಂದೆ ಸರಿಯಿತು. ಸ್ಕೈ ಕಡೆಯವರು ಮೊಕದ್ದಮೆ ಹೂಡಿದರು. ಕೊನೆಗೆ ನ್ಯಾಯಾಲಯದ ಹೊರಗೆ ರಾಜಿಯಾಗಿ, ಡಿಸ್ನಿ ಸಿನಿಮಾಗಳ ಹಕ್ಕು ಸ್ಕೈಗೆ ಸಿಕ್ಕಿತು.

ಜಗಳದ ಈ ಹಿನ್ನೆಲೆ ಸಣ್ಣ ಸಂಗತಿ ಎನಿಸಬಹುದು. ಆದರೆ 1995ರಲ್ಲಿ ಚಾನೆಲ್ ಕೊನೆಗೂ ಬಂದಾಗ ಅದನ್ನು ಮಾರಿದ ರೀತಿ ನೋಡಿ. ಸ್ಕೈನ ಎರಡೂ ಸಿನಿಮಾ ಚಾನೆಲ್‌ಗಳಿಗೆ ಚಂದಾ ಕಟ್ಟುವ ಮನೆಗಳಿಗೆ ಡಿಸ್ನಿ ಚಾನೆಲ್ ಉಚಿತ ಕೊಡುಗೆ! ಸಿನಿಮಾ ಪ್ಯಾಕೇಜ್ ಆ ಕಾಲಕ್ಕೆ ದುಬಾರಿ. ಅದನ್ನು ಕೊಳ್ಳುವುದೋ ಬೇಡವೋ ಎಂದು ಅಪ್ಪ-ಅಮ್ಮ ಲೆಕ್ಕ ಹಾಕುತ್ತಿರುವಾಗ, ಮಗುವಿಗೂ ಒಂದು ಚಾನೆಲ್ ಸಿಗುತ್ತದಲ್ಲ ಎಂಬ ಸಮಾಧಾನ ತಕ್ಕಡಿಯನ್ನು ಒಂದು ಕಡೆಗೆ ವಾಲಿಸುತ್ತಿತ್ತು. ಆರಂಭದಲ್ಲಿ ಚಾನೆಲ್‌ನಲ್ಲಿ ವಾಣಿಜ್ಯ ಜಾಹೀರಾತೂ ಇರಲಿಲ್ಲ. ಮಕ್ಕಳ ಕೈಯಲ್ಲಿ ಅದು ಬೇಕು, ಇದು ಬೇಕು ಎಂಬ ಹಠ ಹುಟ್ಟಿಸದ ಚಾನೆಲ್ ಎಂಬುದು ಪೋಷಕರಿಗೆ ಇಷ್ಟವಾಗುವ ಮಾತೇ.

ಪೇ ಚಾನೆಲ್‌ನ ಒಳಲೆಕ್ಕ ಇಲ್ಲೇ ಇದೆ. ಜಾಹೀರಾತಿನಿಂದ ಬದುಕುವ ಚಾನೆಲ್‌ಗೆ ಎಷ್ಟು ಜನ ನೋಡಿದರು ಎಂಬುದೇ ಮುಖ್ಯ. ಚಂದಾದಿಂದ ಬದುಕುವ ಚಾನೆಲ್‌ಗೆ ಎಷ್ಟು ಮನೆಗಳು ಸಂಪರ್ಕ ಕಡಿತ ಮಾಡದೆ ಉಳಿದವು ಎಂಬುದು ಮುಖ್ಯ. ಮಕ್ಕಳಿರುವ ಮನೆಯವರು ಸುಲಭಕ್ಕೆ ಸಂಪರ್ಕ ಕಡಿತ ಮಾಡುವುದಿಲ್ಲ. ಮಾಡಿದರೆ ಮರುದಿನ ಬೆಳಿಗ್ಗೆ ಮನೆಯಲ್ಲಿ ರಂಪ. ಸ್ಕೈಯಂಥ ಸಂಸ್ಥೆಗಳು ಮಕ್ಕಳ ಚಾನೆಲ್‌ಗಳಿಗೆ ಹಣ ಕೊಟ್ಟದ್ದು ಈ ಹಿಡಿತಕ್ಕೆ.

2006: ಎಲ್ಲ ಬದಲಾದ ವರ್ಷ

1998ರಲ್ಲಿ ಸ್ಕೈ ಡಿಜಿಟಲ್ ಆದ ಮೇಲೆ ಜಾಗದ ಕೊರತೆ ನೀಗಿತು. 2000ದ ಸೆಪ್ಟೆಂಬರ್‌ನಲ್ಲಿ ಡಿಸ್ನಿ ತನ್ನ ಕುಟುಂಬಕ್ಕೆ ಎರಡು ಚಾನೆಲ್ ಸೇರಿಸಿತು. ಪುಟಾಣಿಗಳಿಗೆ ಪ್ಲೇಹೌಸ್ ಡಿಸ್ನಿ, ಕಾರ್ಟೂನ್ ಪ್ರಿಯರಿಗೆ ಟೂನ್ ಡಿಸ್ನಿ. 2001ರಲ್ಲಿ ಅಮೆರಿಕದಲ್ಲಿ ಫಾಕ್ಸ್ ಫ್ಯಾಮಿಲಿಯನ್ನು ಕೊಂಡಾಗ ಫಾಕ್ಸ್ ಕಿಡ್ಸ್ ಕೂಡ ಕೈಸೇರಿತು. ಬ್ರಿಟನ್‌ನಲ್ಲಿ ಅದು 2005ರಲ್ಲಿ ಜೆಟಿಕ್ಸ್ ಆಗಿ, 2009ರಲ್ಲಿ ಡಿಸ್ನಿ ಎಕ್ಸ್‌ಡಿ ಆಗಿ ಹೆಸರು ಬದಲಿಸಿತು. ಉಚಿತ ಟಿವಿಯಲ್ಲೂ ಡಿಸ್ನಿಗೆ ಒಂದು ಕಿಟಕಿ ಇತ್ತು. ಐಟಿವಿಯಲ್ಲಿ ಬೆಳಗಿನ ಹೊತ್ತು ಬರುತ್ತಿದ್ದ ಜಿಎಂಟಿವಿಯ ಶೇ 25ರಷ್ಟು ಪಾಲು 2009ರವರೆಗೂ ಡಿಸ್ನಿ ಬಳಿ ಇತ್ತು. ವಾರಾಂತ್ಯದ ಮುಂಜಾನೆ ಉಚಿತವಾಗಿ ರುಚಿ ತೋರಿಸಿ, ಪೂರ್ತಿ ಊಟಕ್ಕೆ ಚಂದಾ ಕಟ್ಟಿ ಎನ್ನುವ ವ್ಯಾಪಾರ.

2006ರ ಮಾರ್ಚ್‌ನಲ್ಲಿ ಡಿಸ್ನಿ ಚಾನೆಲ್ ದುಬಾರಿ ಪ್ಯಾಕೇಜಿನಿಂದ ಹೊರಬಂದು ಸಾಮಾನ್ಯ ಪ್ಯಾಕೇಜ್ ಸೇರಿತು. ಅದೇ ವರ್ಷ ಬಂದ 'ಹೈಸ್ಕೂಲ್ ಮ್ಯೂಸಿಕಲ್' ಮತ್ತು 'ಹನ್ನಾ ಮೊಂಟಾನಾ' ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಹುಚ್ಚು ಹಿಡಿಸಿದವು. ಚಾನೆಲ್‌ಗೆ ಅದು ಸುಗ್ಗಿಯ ಕಾಲ.

ಆದರೆ ಉಚಿತ ಟಿವಿಯಲ್ಲಿ ಅದೇ ವರ್ಷ ನಡೆದದ್ದು ಬೇರೆಯೇ. ಐಟಿವಿ ಮಕ್ಕಳ ಕಾರ್ಯಕ್ರಮಗಳಿಗೆ ಇಂತಿಷ್ಟು ಗಂಟೆ ಕೊಡಲೇಬೇಕು ಎಂಬ ಕಟ್ಟುಪಾಡು 2003ರ ಸಂವಹನ ಕಾಯ್ದೆಯ ನಂತರ ಸಡಿಲವಾಗಿತ್ತು. 2006ರಲ್ಲಿ ಐಟಿವಿ ತನ್ನ ಮಕ್ಕಳ ಕಾರ್ಯಕ್ರಮ ನಿರ್ಮಾಣ ಘಟಕವನ್ನೇ ಮುಚ್ಚಿತು. ನವೆಂಬರ್‌ನಲ್ಲಿ ನಿಯಂತ್ರಣ ಸಂಸ್ಥೆ ಆಫ್‌ಕಾಮ್, ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಗಳ ಜಾಹೀರಾತನ್ನು ಮಕ್ಕಳ ಕಾರ್ಯಕ್ರಮಗಳ ನಡುವೆ ಹಂತಹಂತವಾಗಿ ನಿಷೇಧಿಸುವ ನಿರ್ಧಾರ ಪ್ರಕಟಿಸಿತು. ಮಕ್ಕಳ ಆರೋಗ್ಯದ ದೃಷ್ಟಿಯಿಂದ ಅದು ತಪ್ಪು ನಿರ್ಧಾರವೇನಲ್ಲ. ಆದರೆ ಜಾಹೀರಾತು ನಂಬಿದ್ದ ಚಾನೆಲ್‌ಗಳಿಗೆ ಮಕ್ಕಳ ಕಾರ್ಯಕ್ರಮ ಕೈಸುಡುವ ಬಾಬ್ತು ಆಯಿತು. ಚಂದಾ ಆಧರಿಸಿದ ಡಿಸ್ನಿಗೆ ಇದರ ಬಿಸಿ ಅಷ್ಟಾಗಿ ತಟ್ಟಲಿಲ್ಲ.

ಚಾನೆಲ್‌ಗಳ ಸಂತೆ, ಸ್ವಂತದ್ದು ಶೇ 1

ಆ ಹೊತ್ತಿಗೆ ಮೇಲ್ನೋಟಕ್ಕೆ ಚಿಂತೆಯ ಕಾರಣವೇ ಇರಲಿಲ್ಲ. ರಿಮೋಟ್ ಒತ್ತಿದಷ್ಟೂ ಮಕ್ಕಳ ಚಾನೆಲ್‌ಗಳು. ಐಟಿವಿ ಕಡಿಮೆ ಮಾಡಿದರೇನಂತೆ, ಡಿಸ್ನಿ ಇದೆ, ನಿಕ್ ಇದೆ ಎಂಬ ವಾದ ಸಹಜವಾಗಿಯೇ ಕೇಳಿಬಂತು. ಆದರೆ 2007ರಲ್ಲಿ ಆಫ್‌ಕಾಮ್ ಪ್ರಕಟಿಸಿದ ವರದಿ ಈ ಸಮೃದ್ಧಿಯ ಒಳಗೇನಿದೆ ಎಂದು ತೆರೆದು ತೋರಿಸಿತು. 2006ರಲ್ಲಿ ಪ್ರಸಾರವಾದ ಮಕ್ಕಳ ಕಾರ್ಯಕ್ರಮಗಳ ಒಟ್ಟು ಗಂಟೆಗಳಲ್ಲಿ ಬ್ರಿಟನ್‌ನಲ್ಲೇ ತಯಾರಾಗಿ ಮೊದಲ ಬಾರಿ ಪ್ರಸಾರವಾದವುಗಳ ಪಾಲು ಶೇ 1 ಮಾತ್ರ. ಉಳಿದದ್ದರಲ್ಲಿ ಬಹುಪಾಲು ಹೊರಗಿನಿಂದ ತಂದದ್ದು ಅಥವಾ ಮರುಪ್ರಸಾರ.

ಡಿಸ್ನಿ ಬ್ರಿಟನ್‌ನಲ್ಲಿ ಏನೂ ತಯಾರಿಸಲಿಲ್ಲ ಎಂದಲ್ಲ. ಸ್ಟುಡಿಯೊದಿಂದ ನಿರೂಪಕರು ನಡೆಸಿಕೊಡುತ್ತಿದ್ದ 'ಸ್ಟುಡಿಯೊ ಡಿಸ್ನಿ' ಬಹಳ ಮಕ್ಕಳಿಗೆ ಅಚ್ಚುಮೆಚ್ಚಾಗಿತ್ತು. ನಂತರದ ವರ್ಷಗಳಲ್ಲಿ 'ಎವರ್‌ಮೂರ್', ಉತ್ತರ ಐರ್ಲೆಂಡ್‌ನಲ್ಲಿ ಚಿತ್ರೀಕರಣವಾದ 'ದಿ ಲಾಡ್ಜ್' ಬಂದವು. ಆದರೆ ಇವೆಲ್ಲ ಕಂಪನಿ ಮನಸ್ಸು ಮಾಡಿದಾಗ ಮಾಡಿದ್ದು. ಬ್ರಿಟನ್ ಮಕ್ಕಳ ಶಾಲೆ, ಬೀದಿ, ಮಾತಿನ ಧಾಟಿ ತೆರೆಯ ಮೇಲೆ ಬರಬೇಕು ಎಂದು ಪೇ ಚಾನೆಲ್ ಒಂದಕ್ಕೆ ಹೇಳುವ ಕಟ್ಟುಪಾಡು ಇರಲಿಲ್ಲ. ಅದು ಬಿಬಿಸಿಯ ಕೆಲಸ ಎಂದು ಎಲ್ಲರೂ ಅಂದುಕೊಂಡಿದ್ದರು. 2002ರಲ್ಲಿ ಬಿಬಿಸಿ ಸಿಬಿಬಿಸಿ ಮತ್ತು ಸಿಬೀಬೀಸ್ ಎಂಬ ಎರಡು ಉಚಿತ ಚಾನೆಲ್ ತೆರೆದಿತ್ತು ಕೂಡ.

ಲಾಕ್‌ಡೌನ್‌ನ ಮರುದಿನ

2020ರ ಮಾರ್ಚ್ 23ರ ಸಂಜೆ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಲಾಕ್‌ಡೌನ್ ಘೋಷಿಸಿದರು. ಮರುದಿನ, ಮಾರ್ಚ್ 24ರಂದು, ಡಿಸ್ನಿ ಪ್ಲಸ್ ಬ್ರಿಟನ್‌ನಲ್ಲಿ ಆರಂಭವಾಯಿತು. ದಿನಾಂಕ ಮೊದಲೇ ನಿಗದಿಯಾಗಿತ್ತು, ಕಾಕತಾಳೀಯ ಅಷ್ಟೇ. ಆದರೆ ಶಾಲೆ ಮುಚ್ಚಿ ಮಕ್ಕಳೆಲ್ಲ ಮನೆಯಲ್ಲಿ ಕೂತಿದ್ದ ಹೊತ್ತಿಗೆ ತಿಂಗಳಿಗೆ 5.99 ಪೌಂಡ್‌ಗೆ ಇಡೀ ಡಿಸ್ನಿ ಗೋದಾಮು ಸಿಗುತ್ತದೆ ಎಂದರೆ ಯಾವ ತಾಯ್ತಂದೆ ಬೇಡ ಎನ್ನುತ್ತಾರೆ?

ಮೂರು ತಿಂಗಳಲ್ಲೇ, ಜೂನ್‌ನಲ್ಲಿ, ಚಾನೆಲ್‌ಗಳನ್ನು ಮುಚ್ಚುವ ಸುದ್ದಿ ಬಂತು. ಸ್ಕೈ ಮೂಲಕ ಬರುತ್ತಿದ್ದ ಪಾಲಿಗಿಂತ ಮನೆಯವರಿಂದಲೇ ನೇರ ಚಂದಾ ಪಡೆಯುವುದು ಲಾಭ ಎಂಬ ಲೆಕ್ಕ ಅದು. ಯೂಟ್ಯೂಬ್ ಕಡೆ ಮಕ್ಕಳು ವಾಲುತ್ತಿದ್ದದ್ದೂ ನಿಜ. ಆದರೂ ಸ್ಕೈಗಾಗಿ 25 ವರ್ಷ ಮಾಡಿದ ಕೆಲಸವನ್ನೇ ಮಕ್ಕಳ ಕಾರ್ಯಕ್ರಮಗಳು ಈಗ ಡಿಸ್ನಿಯ ಸ್ವಂತ ಆ್ಯಪ್‌ಗಾಗಿ ಮಾಡಬೇಕಿತ್ತು. ಮನೆಯನ್ನು ಚಂದಾದಲ್ಲಿ ಹಿಡಿದಿಡುವ ಕೆಲಸ. ಹಾಗೆ ನೋಡಿದರೆ ಚಾನೆಲ್ ಮುಚ್ಚಿತು, ವ್ಯಾಪಾರ ಬದಲಾಗಲಿಲ್ಲ.

ಭಾರತದ ಓದುಗರಿಗೆ ಇಲ್ಲೊಂದು ಕುತೂಹಲದ ಹೋಲಿಕೆ ಇದೆ. ಅದೇ ವರ್ಷ ಏಪ್ರಿಲ್ 3ರಂದು ಡಿಸ್ನಿ ಪ್ಲಸ್ ಇಲ್ಲಿಯೂ ಹಾಟ್‌ಸ್ಟಾರ್ ಜತೆ ಸೇರಿ ಬಂತು. ಆದರೆ ಡಿಸ್ನಿ ಚಾನೆಲ್, ಹಂಗಾಮಾ ಇಲ್ಲಿ ಬಂದ್ ಆಗಲಿಲ್ಲ. ಇಲ್ಲಿ ಕೇಬಲ್, ಡಿಟಿಎಚ್ ಮನೆಗಳ ಸಂಖ್ಯೆ ದೊಡ್ಡದು, ತಿಂಗಳ ಬಿಲ್ ಸಣ್ಣದು, ಮನೆಗೊಂದು ಟಿವಿ. ಒಂದೇ ಕಂಪನಿ, ಒಂದೇ ವರ್ಷ, ಎರಡು ದೇಶದಲ್ಲಿ ಎರಡು ತೀರ್ಮಾನ. ಮಕ್ಕಳ ಇಷ್ಟಾನಿಷ್ಟ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಇದ್ದೀತು, ಚಂದಾ ಮಾರುಕಟ್ಟೆ ಮಾತ್ರ ಬೇರೆ.

ಉಳಿದವರು ಯಾರು?

ಪೇ ಚಾನೆಲ್‌ಗಳಿವೆಯಲ್ಲ ಎಂಬ ಭರವಸೆಯಲ್ಲಿ ಉಚಿತ ಟಿವಿಯನ್ನು ಸಡಿಲ ಬಿಟ್ಟ ಬ್ರಿಟನ್‌ಗೆ ಈಗ ಎರಡೂ ಕಡೆಯ ನೆಲ ಕುಸಿಯುತ್ತಿದೆ. ಐಟಿವಿ 2006ರಲ್ಲೇ ಆರಂಭಿಸಿದ್ದ ಸಿಐಟಿವಿ ಚಾನೆಲ್ 2023ರ ಸೆಪ್ಟೆಂಬರ್ 1ರಂದು ನಿಂತಿತು, ಕಾರ್ಯಕ್ರಮಗಳು ಆ್ಯಪ್‌ಗೆ ಹೋದವು. ಉಚಿತ ಚಾನೆಲ್‌ಗಳಲ್ಲಿ ಹೊಸ ಬ್ರಿಟಿಷ್ ಕಾರ್ಯಕ್ರಮ ಬರಲಿ ಎಂದು ಸರ್ಕಾರ 2019ರಲ್ಲಿ 5.7 ಕೋಟಿ ಪೌಂಡ್‌ನ ನಿಧಿಯೊಂದನ್ನು ಪ್ರಾಯೋಗಿಕವಾಗಿ ಶುರುಮಾಡಿತ್ತು. ಮೂರು ವರ್ಷ ಮುಗಿದ ಮೇಲೆ 2022ರಲ್ಲಿ ಅದನ್ನು ಮುಂದುವರಿಸಲಿಲ್ಲ. ಕಾರ್ಯಕ್ರಮ ತಯಾರಕರಿಗೆ ಇದು ಚಾನೆಲ್ ಮುಚ್ಚಿದ್ದಕ್ಕಿಂತ ದೊಡ್ಡ ಪೆಟ್ಟು. ಚಾನೆಲ್ ಹೋದರೆ ತೋರಿಸುವ ಜಾಗ ಹೋಗುತ್ತದೆ. ನಿಧಿ ಹೋದರೆ ತಯಾರಾಗುವುದೇ ನಿಲ್ಲುತ್ತದೆ.

ಆ್ಯಪ್ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಅನುಕೂಲಸ್ಥರಿಗೆ ಸಾಕು. ಚಾನೆಲ್ ಆಗಿದ್ದರೆ ಮನೆಯ ಟಿವಿ ಹಾಕಿದರೆ ಬರುತ್ತಿತ್ತು. ಈಗ ಒಳ್ಳೆಯ ಬ್ರಾಡ್‌ಬ್ಯಾಂಡ್ ಬೇಕು, ಕಾರ್ಡ್ ಬೇಕು, ಪ್ರತಿ ಕಂಪನಿಗೂ ಬೇರೆ ಬೇರೆ ಚಂದಾ. ಅದರ ಮೇಲೆ 5.99 ಪೌಂಡ್ ಇದ್ದ ಡಿಸ್ನಿ ಪ್ಲಸ್ ದರ 2021ರ ಫೆಬ್ರವರಿಯಲ್ಲೇ 7.99 ಆಯಿತು. 2023ರ ನವೆಂಬರ್‌ನಲ್ಲಿ 4.99 ಪೌಂಡ್‌ಗೆ ಜಾಹೀರಾತು ಸಹಿತ ಯೋಜನೆ ಬಂತು. ಜಾಹೀರಾತು ಇಲ್ಲ ಎಂಬುದನ್ನೇ ಹೆಗ್ಗಳಿಕೆ ಮಾಡಿಕೊಂಡು ಬ್ರಿಟನ್‌ಗೆ ಬಂದಿದ್ದ ಹೆಸರು ಇದು! ಇನ್ನು ಆ್ಯಪ್‌ನಲ್ಲಿದ್ದದ್ದು ಅಲ್ಲೇ ಇರುತ್ತದೆ ಎಂಬ ಖಾತ್ರಿಯೂ ಇಲ್ಲ. 2023ರ ಮೇನಲ್ಲಿ ವೆಚ್ಚ ಕಡಿತಕ್ಕೆಂದು ಡಿಸ್ನಿ ತನ್ನದೇ ಹತ್ತಾರು ಶೀರ್ಷಿಕೆಗಳನ್ನು ಸೇವೆಯಿಂದ ತೆಗೆದುಹಾಕಿತು.

ಹೀಗೆ ಭಾರವೆಲ್ಲ ಬಂದು ಬಿದ್ದಿರುವುದು ಬಿಬಿಸಿಯ ಮೇಲೆ. ಚಾನೆಲ್ 5ರ ಬೆಳಗಿನ 'ಮಿಲ್ಕ್‌ಶೇಕ್' ಬಿಟ್ಟರೆ ಉಚಿತ ಪ್ರಸಾರದಲ್ಲಿ ಮಕ್ಕಳಿಗಾಗಿ ಗಟ್ಟಿಯಾಗಿ ಹಣ ಹೂಡುವ ಸಾರ್ವಜನಿಕ ಸೇವಾ ಸಂಸ್ಥೆ ಬೇರೆ ಕಾಣುವುದಿಲ್ಲ. ಬಿಬಿಸಿ ಕೂಡ 2022ರ ಮೇನಲ್ಲಿ, ಮುಂದಿನ ವರ್ಷಗಳಲ್ಲಿ ಸಿಬಿಬಿಸಿಯನ್ನು ಪ್ರಸಾರ ಚಾನೆಲ್ ಆಗಿ ನಿಲ್ಲಿಸಿ ಆನ್‌ಲೈನ್‌ಗೆ ಒಯ್ಯುವ ಯೋಜನೆ ಪ್ರಕಟಿಸಿತ್ತು. ಬಿಬಿಸಿಯ ರಾಯಲ್ ಚಾರ್ಟರ್ ಅವಧಿ 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಮನೆಮನೆಯಿಂದ ಸಂಗ್ರಹಿಸುವ ಲೈಸೆನ್ಸ್ ಶುಲ್ಕ ಇದೇ ರೂಪದಲ್ಲಿ ಉಳಿಯಬೇಕೇ, ಅಥವಾ ಬಿಬಿಸಿಯೂ ಚಂದಾ ಕಟ್ಟಿದವರಿಗೆ ಮಾತ್ರ ಸಿಗುವಂತಾಗಬೇಕೇ ಎಂಬ ಚರ್ಚೆ ಅದರ ಸುತ್ತಲೇ ನಡೆದಿದೆ. ಎರಡನೆಯ ದಾರಿ ಹಿಡಿದರೆ ಸಿಬೀಬೀಸ್ ನೋಡಲು ಕೂತ ನಾಲ್ಕು ವರ್ಷದ ಮಗುವಿನ ಪಾಲಿಗೂ, ತಿಂಗಳ ಬಿಲ್ ಕಟ್ಟಬೇಕೋ ಬೇಡವೋ ಎಂದು ನಿರ್ಧರಿಸುವವರು ಅಪ್ಪ-ಅಮ್ಮನೇ ಆಗುತ್ತಾರೆ.