ಕವಚಕ್ಕೊಂದು ಕವಚ

ಹೊಳಲ್ಕೆರೆ, ಹೊಸದುರ್ಗದ ಕಡೆ ಬಸ್ಸಿನಲ್ಲಿ ಹೋದವರಿಗೆ ಅಲ್ಲಿನ ಗುಡ್ಡಗಳ ಕೆಂಪು ನೆನಪಿರುತ್ತದೆ. ಅದು ಕಬ್ಬಿಣದ ಬಣ್ಣ. ಸರಿಯಾಗಿ ಹೇಳಬೇಕೆಂದರೆ, ಆಮ್ಲಜನಕದೊಡನೆ ಕೂಡಿಕೊಂಡ ಕಬ್ಬಿಣದ ಬಣ್ಣ. ಅದಿರನ್ನು ಇದ್ದಿಲಿನೊಡನೆ ಕುಲುಮೆಯಲ್ಲಿ ಕಾಯಿಸಿ ಆಮ್ಲಜನಕವನ್ನು ಬಿಡಿಸಿದರೆ ಕಬ್ಬಿಣ ಸಿಗುತ್ತದೆ. ಆ ಕಬ್ಬಿಣವನ್ನು ಮಳೆಯಲ್ಲಿ ಬಿಟ್ಟರೆ ಮತ್ತೆ ಕೆಂಪಾಗುತ್ತದೆ. ತುಕ್ಕು ಎಂದರೆ ಕಬ್ಬಿಣ ತವರಿಗೆ ಹೊರಟಿದೆ ಎಂದರ್ಥ! (ನಮ್ಮ ‘ಉಕ್ಕು’ ಎಂಬ ಪದವೇ ಇಂಗ್ಲಿಷರ ಬಾಯಲ್ಲಿ ‘ವೂಟ್ಜ್’ ಆಯಿತು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಅದಿರಲಿ.)

ಈ ವಾರ ಹೇಳಹೊರಟಿರುವುದು ಎದೆಗೆ ಕಟ್ಟಿಕೊಳ್ಳುವ ಉಕ್ಕಿನ ವಿಷಯ. ಹಿರಿಯೂರು ತಾಲ್ಲೂಕಿನ ಐಮಂಗಲದಲ್ಲಿ ಪೊಲೀಸ್ ತರಬೇತಿ ಶಾಲೆ ಇದೆ. ಸೇನೆಗೆ, ಪೊಲೀಸ್ ಇಲಾಖೆಗೆ ಸೇರಬೇಕೆಂದು ಬೆಳಗಿನ ಜಾವ ಓಡುವ ಹುಡುಗ ಹುಡುಗಿಯರು ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಮಕ್ಕಳು ಗುಂಡು ನಿರೋಧಕ ಜಾಕೆಟ್ಟಿನ ಮಾತೆತ್ತಿದಾಗ ತಾಯಿತಂದೆಯರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಅದು ನಿಜವಾಗಿಯೂ ಕಾಪಾಡುತ್ತದೆಯೇ?

ಇಂಥ ಜಾಕೆಟ್ಟಿನೊಳಗೆ ಇಡುವ ಫಲಕಗಳಲ್ಲಿ ಅಗ್ಗವಾದದ್ದು ಗಡಸು ಉಕ್ಕಿನದು. ಅದರ ಮೇಲೆ ಕಪ್ಪನೆಯ, ರಬ್ಬರಿನಂಥ ದಪ್ಪ ಲೇಪ ಇರುತ್ತದೆ. ಲೇಪ ದಪ್ಪವಾದಷ್ಟೂ ಗುಂಡು ಚೆನ್ನಾಗಿ ನಿಲ್ಲುತ್ತದೆ ಎಂದು ತಿಳಿಯುವವರುಂಟು. ಇದು ತಪ್ಪು. ಗುಂಡನ್ನು ನಿಲ್ಲಿಸುವುದು ಉಕ್ಕಿನ ಗಡಸು ಮತ್ತು ಅದರ ದಪ್ಪ. ಮೆದು ಉಕ್ಕಿಗೆ ಎಷ್ಟು ಬಣ್ಣ ಬಳಿದರೂ ಅದು ಗುಂಡು ತಡೆಯುವ ಫಲಕವಾಗದು.

ಹಾಗಾದರೆ ಲೇಪ ಏಕೆ? ಸೀಸದ ಗುಂಡು ತನಗಿಂತ ಬಹಳ ಗಡಸಾದ ಉಕ್ಕಿಗೆ ಬಡಿದಾಗ ಏನಾಗುತ್ತದೆ, ಯೋಚಿಸಿ. ಮುಂದೆ ಹೋಗಲು ದಾರಿಯಿಲ್ಲ. ಅದು ಅಪ್ಪಚ್ಚಿಯಾಗಿ, ಪುಡಿಯಾಗಿ, ಫಲಕದ ಮೈಗುಂಟ ಸುತ್ತಲೂ ಸಿಡಿಯುತ್ತದೆ. ಕಲ್ಲುಹಾಸಿನ ಮೇಲೆ ರಭಸದಿಂದ ನೀರು ಸುರಿದರೆ ನಾಲ್ಕೂ ಕಡೆ ಹಾರುವುದಿಲ್ಲವೇ, ಹಾಗೆ. ಆದರೆ ಇಲ್ಲಿ ಹಾರುವುದು ಚೂಪಾದ ಲೋಹದ ಚೂರು. ಎದೆಯ ಫಲಕದಿಂದ ಮೇಲಕ್ಕೆ ಸಿಡಿದರೆ ಗಂಟಲು, ಗಲ್ಲ. ಪಕ್ಕಕ್ಕೆ ಸಿಡಿದರೆ ತೋಳು. ಎದೆ ಉಳಿದರೂ ಕುತ್ತಿಗೆಗೆ ಗಾಯವಾಗಬಹುದು. ಕೆಲವು ಮಿಲಿಮೀಟರು ದಪ್ಪದ ಪಾಲಿಯೂರಿಯ ಎಂಬ ಲೇಪ ಈ ಚೂರುಗಳನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳಲು ಇರುವುದು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಏಟು ಬಿದ್ದರೆ ಲೇಪ ಹರಿದು ಅದರ ಹಿಡಿತ ತಪ್ಪುತ್ತದೆ. ಬರೀ ಬಣ್ಣ ಬಳಿದ ಫಲಕಕ್ಕೆ ಈ ಗುಣ ಸ್ವಲ್ಪವೂ ಇಲ್ಲ.

ಲೇಪದ ಎರಡನೆಯ ಕೆಲಸ ತುಕ್ಕು ತಡೆಯುವುದು. ಚಿತ್ರದುರ್ಗದ ಒಣಹವೆಯಲ್ಲಿ ತುಕ್ಕಿನ ಭಯವೇನು ಎನ್ನಬಹುದು. ಫಲಕ ಇರುವುದು ಹವೆಯಲ್ಲಲ್ಲ, ಬೆವರಿನಲ್ಲಿ. ಬೆವರಿನ ಉಪ್ಪು ಗಾಳಿಯ ತೇವವನ್ನು ಹೀರಿಕೊಂಡು ಉಕ್ಕಿನ ಮೈಮೇಲೆ ತೆಳ್ಳನೆಯ ಉಪ್ಪುನೀರಿನ ಪದರ ಕಟ್ಟುತ್ತದೆ. ತುಕ್ಕಿಗೆ ಅಷ್ಟೇ ಸಾಕು. ಅಲ್ಯೂಮಿನಿಯಮ್ ಪಾತ್ರೆಯ ಮೇಲೆ ಏಳುವ ಆಕ್ಸೈಡು ಬಿಗಿಯಾಗಿ ಅಂಟಿ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಸಡಿಲ, ಉಬ್ಬಿಕೊಂಡು ಮೇಲಿನ ಬಣ್ಣವನ್ನೂ ಎತ್ತಿಹಾಕುತ್ತದೆ.

ಹೆದ್ದಾರಿ ಬದಿಯ ವೆಲ್ಡಿಂಗ್ ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಗೇಟಿಗೆ ಮೊದಲು ಉಪ್ಪುಕಾಗದ ಉಜ್ಜಿ, ಬಳಿಕ ರೆಡ್ ಆಕ್ಸೈಡ್ ಬಳಿದು, ಅದು ಒಣಗಿದ ಮೇಲೆಯೇ ಬಣ್ಣ. ಆ ರೆಡ್ ಆಕ್ಸೈಡಿನ ಕೆಂಪು ಯಾವುದು ಬಲ್ಲಿರಾ? ಹೊಳಲ್ಕೆರೆ ಗುಡ್ಡದ ಕೆಂಪೇ, ಕಬ್ಬಿಣದ ಆಕ್ಸೈಡು! ಆಗಲೇ ಆಮ್ಲಜನಕ ಹೀರಿ ತೃಪ್ತವಾಗಿರುವುದರಿಂದ ಅದಕ್ಕೆ ಮತ್ತೆ ತುಕ್ಕು ಹಿಡಿಯುವ ಮಾತಿಲ್ಲ. ಹಳೆಯ ಗೇಟುಗಳಲ್ಲಿ ತುಕ್ಕು ಮೊದಲು ಕಾಣುವುದು ಅಂಚಿನಲ್ಲಿ, ಮೂಲೆಯಲ್ಲಿ. ಹಸಿ ಬಣ್ಣ ಚೂಪು ಅಂಚಿನಿಂದ ಹಿಂದಕ್ಕೆ ಸರಿದು ಅಲ್ಲಿ ತೆಳ್ಳಗಾಗುತ್ತದೆ. ಅದಕ್ಕೇ ಒಳ್ಳೆಯ ಫಲಕದ ಅಂಚನ್ನು ಮೊದಲು ಉರುಟು ಮಾಡಿ ಆಮೇಲೆ ಲೇಪಿಸುತ್ತಾರೆ.

ಇನ್ನು ಲೇಪಿಸುವ ಬಗೆ. ಮನೆಯ ತಗಡಿನ ಬಕೆಟ್ಟಿಗೆ ಸತುವಿನ ಲೇಪ ಇರುತ್ತದಲ್ಲ, ಅದನ್ನೇ ಇಲ್ಲಿಗೂ ಕೊಡಬಾರದೇಕೆ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಪ್ರಶ್ನೆ ಒಳ್ಳೆಯದು. ಕರಗಿದ ಸತುವಿನಲ್ಲಿ ಅದ್ದಬೇಕೆಂದರೆ ಸುಮಾರು 450 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಬಕೆಟ್ಟಿಗೆ ಅದರಿಂದ ತೊಂದರೆಯಿಲ್ಲ. ಆದರೆ ಗಡಸು ಉಕ್ಕನ್ನು ಕಮ್ಮಾರ ಕುಡುಗೋಲಿಗೆ ಹದ ಕೊಡುವಂತೆಯೇ ಕಾಯಿಸಿ, ಥಟ್ಟನೆ ತಣಿಸಿ ಮಾಡಿರುತ್ತಾರೆ. ಹದ ಕೊಟ್ಟ ಕುಡುಗೋಲನ್ನು ಮತ್ತೆ ಒಲೆಗೆ ಹಾಕಿದರೆ ಬಾಯಿ ಮೊಂಡಾಗುವಂತೆ ಫಲಕದ ಗಡಸೂ ಇಳಿದುಹೋಗುತ್ತದೆ. ಇಂಥ ಉಕ್ಕಿಗೆ 200ರಿಂದ 250 ಡಿಗ್ರಿ ದಾಟುವುದೇ ಅಪಾಯ. ಒಲೆಯಲ್ಲಿ 180-200 ಡಿಗ್ರಿಯಲ್ಲಿ ಬೇಯಿಸುವ ಪೌಡರ್ ಕೋಟಿಂಗ್ ಕೂಡ ಗಡಿಯ ಹತ್ತಿರದ್ದೇ. ಆಮ್ಲದಲ್ಲಿ ತೊಳೆದು ವಿದ್ಯುತ್ತಿನಿಂದ ಲೇಪಿಸೋಣವೆಂದರೆ ಇನ್ನೊಂದು ಕೇಡು: ಜಲಜನಕದ ಪರಮಾಣುಗಳು ಉಕ್ಕಿನೊಳಗೆ ನುಸುಳಿ ಅದನ್ನು ಪೆಡಸು ಮಾಡುತ್ತವೆ. ಹೊರಗೆ ಥಳಥಳ ಹೊಳೆಯುವ ಫಲಕ ಏಟು ಬಿದ್ದಾಗ ಬಿರಿಯಬಹುದು!

ಆದ್ದರಿಂದ ಮರಳು ಸಿಡಿಸಿ ಮೈ ಒರಟು ಮಾಡಿ, ಜಿಡ್ಡು ತೆಗೆದು, ಎಪಾಕ್ಸಿ ಬಳಿದು, ಅದರ ಮೇಲೆ ಪಾಲಿಯೂರಿಯ ಸಿಂಪಡಿಸುವುದು ಕ್ಷೇಮದ ದಾರಿ. ಎರಡು ದ್ರವಗಳು ಬಿಸಿ ಗನ್ನಿನ ಬಾಯಲ್ಲಿ ಬೆರೆತು ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತವೆ. ಅವುಗಳಲ್ಲೊಂದು ಐಸೊಸಯನೇಟ್, ಅದರ ಹನಿ ಉಸಿರಿಗೆ ಸೇರಿದರೆ ಆಸ್ತಮಾ ಬರಬಹುದು. ಮನೆಯ ಹಿತ್ತಲಲ್ಲಿ, ವಿಜ್ಞಾನ ಮೇಳದ ಪ್ರಾಜೆಕ್ಟಿಗೆಂದು ಇದಕ್ಕೆ ಕೈ ಹಾಕಬೇಡಿ.

ಭಾರತೀಯ ಮಾನಕ ಬ್ಯೂರೋ 2018ರಲ್ಲಿ ಗುಂಡು ನಿರೋಧಕ ಜಾಕೆಟ್‌ಗಳಿಗೆ ಐಎಸ್ 17051 ಎಂಬ ಮಾನಕ ಹೊರತಂದಿತು. ಜಾಕೆಟ್ಟನ್ನು ಒರೆಗೆ ಹಚ್ಚುವುದು ಅದರ ಮೇಲೆ ಗುಂಡು ಹಾರಿಸಿ, ಹಿಂಬದಿಯ ಜೇಡಿಯಲ್ಲಿ ಎಷ್ಟು ಆಳದ ತಗ್ಗು ಬಿತ್ತೆಂದು ಅಳೆದು. ಲೇಪದ ಹೊಳಪಿಗೆ ಅಲ್ಲಿ ಅಂಕವಿಲ್ಲ. ಉಕ್ಕಿನ ದೊಡ್ಡ ಅವಗುಣ ತೂಕ. 25 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದ, 6 ಮಿ.ಮೀ. ದಪ್ಪದ ಫಲಕದ ಗಾತ್ರ 450 ಘನ ಸೆಂಟಿಮೀಟರು, 7.85ರ ಸಾಂದ್ರತೆಯಿಂದ ಗುಣಿಸಿದರೆ ಮೂರೂವರೆ ಕಿಲೋ. ಎದೆಗೊಂದು ಬೆನ್ನಿಗೊಂದು ಎಂದರೆ ಏಳು ಕಿಲೋ, ಲೇಪ ಬೇರೆ. ಬೋರಾನ್ ಕಾರ್ಬೈಡಿನ ಸಾಂದ್ರತೆ ಸುಮಾರು 2.5, ಪಾಲಿಎಥಿಲೀನ್ ನೀರಿನ ಮೇಲೆಯೇ ತೇಲುತ್ತದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ತಂತ್ರಜ್ಞಾನದಿಂದ ಹೈದರಾಬಾದಿನ ಮಿಧಾನಿ ತಯಾರಿಸಿದ ‘ಭಾಭಾ ಕವಚ’ ಇಂಥ ಹಗುರ ವಸ್ತುಗಳದ್ದು. ಕವಚ ಭಾರವೆಂದು ಬಿಚ್ಚಿಟ್ಟ ಪೇದೆಗೆ ಅದು ಎಷ್ಟು ಗಟ್ಟಿಯಾಗಿದ್ದರೇನು?

ಪಾಲಿಯೂರಿಯ ಬೇಡವೆಂದೆನಲ್ಲ, ಬದಲಿಗೆ ಮನೆಯಲ್ಲೇ ಮಾಡಬಹುದಾದ್ದು ಇಲ್ಲಿದೆ. ಒಂದೇ ಅಳತೆಯ ಎರಡು ತಗಡಿನ ತುಂಡು ತನ್ನಿ. ಒಂದು ಸತು ಲೇಪಿಸಿದ್ದು, ಇನ್ನೊಂದು ಬರೀ ಕಬ್ಬಿಣಕ್ಕೆ ನೀವೇ ಬಣ್ಣ ಬಳಿದದ್ದು. ಎರಡರ ಮೇಲೂ ಮೊಳೆಯಿಂದ ಕಬ್ಬಿಣ ಕಾಣುವಂತೆ ಗೀರಿ, ದಿನಕ್ಕೆರಡು ಸಲ ಉಪ್ಪುನೀರು ಚಿಮುಕಿಸಿ. ಸತು ತಾನು ಸವೆದು ಗೀರಿನ ಕಬ್ಬಿಣವನ್ನು ಕಾಯುತ್ತದೆ. ಬಣ್ಣದ ತುಂಡಿನಲ್ಲಿ ಕೆಲವು ದಿನಗಳಲ್ಲೇ ಗೀರು ಕೆಂಪಾಗುತ್ತದೆ. ಇನ್ನೂ ಎರಡು ವಾರ ಬಿಟ್ಟು ಗೀರಿನ ಪಕ್ಕದ ಬಣ್ಣವನ್ನು ಉಗುರಿನಿಂದ ಎಬ್ಬಿಸಿ ನೋಡಿ. ಮೇಲೆ ಏನೂ ಆಗದಂತಿದ್ದ ಕಡೆಯಲ್ಲೂ ತುಕ್ಕು ಒಳಗೊಳಗೇ ಎಷ್ಟು ದೂರ ಹೋಗಿದೆ ಎಂಬುದನ್ನು ಸ್ಕೇಲಿನಿಂದ ಅಳೆದು ನೋಟುಪುಸ್ತಕದಲ್ಲಿ ಬರೆದಿಡಿ.