ನಮ್ಮ ದುರ್ಗದ ಚಲಚ್ಚಿತ್ರ

ಚಲಚ್ಚಿತ್ರದ ಮಾತೆತ್ತಿದರೆ ದುರ್ಗದವರ ಬಾಯಲ್ಲಿ ಮೊದಲು ಬರುವ ಹೆಸರು ‘ನಾಗರಹಾವು’. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ ಈ ಚಿತ್ರದಲ್ಲಿ ನಮ್ಮ ಕೋಟೆಯ ಬಂಡೆಗಳಿಗೂ ಜೀವ ಬಂದಿದೆ. ಒನಕೆ ಹಿಡಿದ ಓಬವ್ವೆಯಾಗಿ ಜಯಂತಿಯವರನ್ನು ಕಂಡು ಹೆಮ್ಮೆಪಡದವರಾರು?

ಆದರೂ ನಮ್ಮದೊಂದು ಆಕ್ಷೇಪಣೆಯುಂಟು. ಓಬವ್ವೆಯು ತೆರೆಯ ಮೇಲಿರುವುದು ಒಂದು ಹಾಡಿನಷ್ಟು ಹೊತ್ತು ಮಾತ್ರ. ಉಳಿದ ಕಥೆಯಲ್ಲಿ, ಚಾಮಯ್ಯ ಮೇಷ್ಟ್ರು ಶಿಷ್ಯನ ಮನವೊಲಿಸಿದೊಡನೆ ಅಲಮೇಲುವಿನ ಬಾಳು ತೀರ್ಮಾನವಾಗುವುದು. ಆಕೆ ಮುಂದೆ ದುರ್ಗತಿಗಿಳಿಯುವಳು. ಕ್ರೈಸ್ತ ಕನ್ಯೆ ಮಾರ್ಗರೆಟ್ಟಳು ರಾಮಾಚಾರಿಯೊಡನೆ ಬೆಟ್ಟದಿಂದ ಧುಮುಕಿ ಪ್ರಾಣಬಿಡುವಳು. ನೋಡಿದವರು ರಾಮಾಚಾರಿಗಾಗಿ ಮರುಗುವರು. ಆ ಇಬ್ಬರು ಹೆಣ್ಣುಮಕ್ಕಳ ಮನಸ್ಸಿನಲ್ಲಿ ಏನಿದ್ದಿತೆಂದು ವಿಚಾರಿಸುವವರು ವಿರಳ. ಶತ್ರುವನ್ನು ತಡೆದ ಹೆಣ್ಣನ್ನು ಕೊಂಡಾಡುವ ನಾವು, ಸ್ವಂತ ಬಾಳಿನ ವಿಷಯದಲ್ಲಿ ಬಾಯಿ ತೆರೆಯುವ ಹೆಣ್ಣನ್ನು ಸಹಿಸುವೆವೇ?

ಇಂದು ಚಿತ್ರಗಳೂ ಧಾರಾವಾಹಿಗಳೂ ಮನೆಯೊಳಗೇ ಬಂದಿವೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮನೆಗಳಲ್ಲಿಯೂ ಇದೇ ಸ್ಥಿತಿ. ಅವನ್ನು ನಿಷೇಧಿಸಬೇಕೆಂದು ನಾವು ಹೇಳುವವರಲ್ಲ. ತಾಯಿತಂದೆಗಳು ಮಗಳೊಡನೆ ಕುಳಿತು ನೋಡಿ, “ಅಲಮೇಲುವಿನ ಸ್ಥಾನದಲ್ಲಿ ನೀನಿದ್ದರೆ ಏನು ಹೇಳುತ್ತಿದ್ದೆ?” ಎಂದು ಕೇಳಲಿ. ಅವಳ ಮದುವೆಯ ಮಾತು ಬಂದ ದಿನವೂ ಆ ಉತ್ತರಕ್ಕೆ ಕಿವಿಗೊಡಲಿ.